ಒಂದನೆಯದೋ, ಎರಡನೆಯದೋ

ವಾರದಲ್ಲಿ ಐದು ದಿನ ನನ್ನದು ಒಂದೇ ಪ್ರಶ್ನೆ.
ಕತ್ತಲ ಕೋಣೆ, ಗೋಡೆಯ ಮೇಲೆ ಬೆಳಗುವ ಅಕ್ಷರ,
ಮೂಗಿನ ಮೇಲೆ ಭಾರದ ಚೌಕಟ್ಟು ಹೊತ್ತ ಯಾರೋ ಒಬ್ಬರು.
ಗಾಜು ತಿರುಗಿಸಿ ಕೇಳುತ್ತೇನೆ:
ಈಗ ಹೇಳಿ, ಯಾವುದು ಸ್ಪಷ್ಟ?
ಒಂದನೆಯದೋ, ಎರಡನೆಯದೋ?

ಗ್ರಿಮ್ಸ್‌ಬಿಯ ಅರ್ಧ ಊರು ನನಗೆ ಉತ್ತರ ಕೊಟ್ಟಿದೆ.
ಮೀನು ಸೀಳುವ ಹೆಂಗಸರು, ಬಸ್ಸಿನ ಚಾಲಕರು,
ಹಡಗು ಹೋದ ಮೇಲೂ ಹಡಗುಕಟ್ಟೆ ಬಿಡದ ಮುದುಕರು.
"ಎರಡೂ ಒಂದೇ ತರ, ಪ್ರೂ" ಅನ್ನುವವರೇ ಹೆಚ್ಚು.
(ಎದೆಯ ಪಟ್ಟಿಯಲ್ಲಿ ಪ್ರಫುಲ್ಲಾ ಸಾಲಿನ್ಸ್ ಎಂದಿದೆ.
ಇಲ್ಲಿಯ ಚಳಿಗೆ ಅಷ್ಟುದ್ದ ಯಾರೂ ಬಾಯಿ ತೆರೆಯುವುದಿಲ್ಲ.)

ಭಾನುವಾರ ಮಾತ್ರ ಗಾಜು ತಿರುಗಿಸುವುದಿಲ್ಲ.
ಸಂಗೀತ ಪುಸ್ತಕಗಳನ್ನು ತೋಳಿಗೆ ಒತ್ತಿಕೊಂಡು
ಚಾಪೆಲ್ಲಿನ ಬಾಗಿಲಲ್ಲಿ ನಿಲ್ಲುವ ಪಾಳಿ ನನ್ನದು.

ಜನವರಿಯ ಮೂರನೆಯ ಭಾನುವಾರ ಅವನು ಬಂದ.
ಬೋಳಿಸಿದ ತಲೆ, ಕತ್ತಿನ ತುಂಬ ಹಚ್ಚೆ,
ಬಾಗಿಲಷ್ಟೇ ಅಗಲದ ಭುಜ.
ನಾನು ಕೈ ಚಾಚಿದೆ.
ಚಾಚಿದ ಕೈ ಚಾಚಿಯೇ ಇತ್ತು.
ನೆಟ್ಟಗೆ ನಡೆದುಹೋದ, ತೋಳು ತಗುಲಿ
ಪುಸ್ತಕಗಳು ನೆಲಕ್ಕೆ ಚೆಲ್ಲಿದವು.
"ಸಾರಿ" ಅಂದ, ಕಂಬದ ಕಡೆ ಮುಖ ಮಾಡಿ.
ಅಣಕ ಎಂದುಕೊಂಡೆ.

ಹೋದ ಬೇಸಿಗೆ ಬಸ್‌ಸ್ಟಾಪಿನಲ್ಲಿ ನನ್ನ ಕಾಲ ಬಳಿ ಉಗಿದವನಿಗೂ
ಇಂಥದೇ ತಲೆ, ಇಂಥದೇ ಕತ್ತು.
ಲೆಕ್ಕ ಅಲ್ಲಿಗೆ ಮುಗಿಯಿತು.

ಮುಖ ನೋಡಿ ಮಣೆ ಹಾಕಬೇಡ ಎಂದು
ಮುಲ್ಕಿಯ ಅಜ್ಜಿ ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಮಾಡಿಸಿದ್ದಳು.
ನಾನು ಹಾಕಿದ್ದ ಮಣೆಯನ್ನೇ ಎಳೆದುಕೊಂಡೆ.
ಪ್ರಾರ್ಥನೆಯಲ್ಲಿ ತಪ್ಪು ಮನ್ನಿಸು ಎಂಬಲ್ಲಿಗೆ ಬಂದಾಗ
ಎಲ್ಲರ ಕಣ್ಣೂ ಮುಚ್ಚಿತ್ತು.
ನನ್ನದು ತೆರೆದೇ ಇತ್ತು, ಅವನ ಕತ್ತಿನ ಮೇಲೆ.

ಗುರುವಾರ, ಹನ್ನೊಂದು ನಲವತ್ತರ ಹೆಸರು: ಲೆನ್ ಬ್ರಾಕಲ್ಸ್‌ಬಿ.
ಒಳಗೆ ಬಂದವನು ಅವನೇ. ಸ್ಟೂಲಿಗೆ ಎಡವಿದ.
ಕೊನೆಯ ಸಾಲಿನ ಸಣ್ಣಕ್ಷರವನ್ನೂ ತಪ್ಪಿಲ್ಲದೆ ಓದಿದ.
ಆಮೇಲೆ ಬೋಗುಣಿಯಂಥ ಯಂತ್ರಕ್ಕೆ ಗಲ್ಲವಿಟ್ಟ.
ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಬೇಕು.
ಚುಕ್ಕಿಗಳು ಹೊಳೆದವು, ಆರಿದವು, ಮತ್ತೆ ಹೊಳೆದವು.
ಗುಂಡಿ ಸದ್ದು ಮಾಡಲಿಲ್ಲ.
ಯಂತ್ರ ಕೆಟ್ಟಿದೆಯೇನೋ ಅಂದುಕೊಂಡೆ.

ಹೊರಬಂದ ಕಾಗದ ಪೂರ್ತಿ ಕಪ್ಪು.
ನಡುವೆ ಒಂದು ಪೆನ್ನಿಯಷ್ಟು ಬಿಳಿ.
ಅವನ ಲೋಕ ಅಷ್ಟೇ.

"ವರ್ಷಗಳಿಂದ ಹೀಗೆ," ಅಂದ.
"ಕೊಳವೆಯಲ್ಲಿ ಇಣುಕಿದ ಹಾಗೆ. ಯಾರಾದರೂ ಕೈ ಕೊಟ್ಟರೆ ಕಾಣುವುದಿಲ್ಲ.
ಹೇಳಿದರೆ ಫೋರ್ಕ್‌ಲಿಫ್ಟ್ ಕಿತ್ತುಕೊಳ್ಳುತ್ತಾರೆ."
ಜನ ಓಡಾಡುವ ಗೋದಾಮಿನಲ್ಲಿ
ಆ ಪೆನ್ನಿಯಷ್ಟು ಬೆಳಕಿನಲ್ಲೇ ಅವನು ಗಾಡಿ ಓಡಿಸುತ್ತಿದ್ದ.
"ಈ ಕೆಲಸಕ್ಕೆಲ್ಲ ನಿಮ್ಮ ಜನವೇ ಸೈ," ಎಂದೂ ಸೇರಿಸಿದ.
ಅದನ್ನು ಎಲ್ಲಿ ಇಡಬೇಕೋ ತಿಳಿಯಲಿಲ್ಲ.
ವೇಷ ಮರೆಸಿದ ದೇವದೂತನನ್ನು ಹುಡುಕುತ್ತಿದ್ದೆನೋ ಏನೋ.
ಅದೂ ಒಂದು ಮಣೆಯೇ.

ಬರೆಯಲೇಬೇಕಾದ ಪತ್ರ ಬರೆದೆ.

ರಾತ್ರಿ ನೆನಪಾದದ್ದು ಬೇತ್ಸಾಯಿದದ ಕುರುಡ.
ಯೇಸು ಅವನನ್ನು ಊರಾಚೆ ಕರೆದೊಯ್ದು, ಉಗುಳು ಹಚ್ಚಿ, ಕೈಯಿಟ್ಟು,
ನನ್ನ ಹಾಗೆಯೇ ಕೇಳಿದ: ಏನು ಕಾಣುತ್ತದೆ?
ಮನುಷ್ಯರು, ಅಂದ ಆತ. ಆದರೆ ಮರಗಳು, ನಡೆಯುವ ಮರಗಳು.
ಎಷ್ಟು ವರ್ಷ ಓದಿದ್ದೇನೆ ಇದನ್ನು!
ಬಿರುಗಾಳಿಯನ್ನು ಒಂದೇ ಮಾತಿಗೆ ನಿಲ್ಲಿಸಿದವನು
ಇಲ್ಲಿ ಎರಡು ಸಲ ಕೈಯಿಡಬೇಕಾಯಿತು.
ಮೊದಲ ನೋಟಕ್ಕೆ ಆತನನ್ನು ಗದರಲಿಲ್ಲ.
ಅಷ್ಟಕ್ಕೇ ಬಿಟ್ಟು ಕಳಿಸಲೂ ಇಲ್ಲ.

ಮತ್ತೆ ಭಾನುವಾರ. ಹೊಸ ಬಿಳಿ ಕೋಲು ನೆಲ ಕುಟ್ಟುತ್ತ ಬಂತು.
ಎದುರು ನಿಂತು, ಎದೆಯ ಮಟ್ಟಕ್ಕೆ, ಅವನ ಪೆನ್ನಿಯೊಳಗೆ ಬರುವಂತೆ
ಕೈ ಎತ್ತಿದೆ. "ಲೆನ್, ನಾನು ಪ್ರಫುಲ್ಲಾ."
"ಪತ್ರ ಕಳಿಸಿದೆಯಾ?"
"ಕಳಿಸಿದೆ."

ಈ ಸಲ ಕೈ ಅವನಿಗೆ ಕಂಡಿತು.
ಹಿಡಿಯಲಿಲ್ಲ.
ಒಳಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತ.

ಮುಂದಿನ ವಾರವೂ ಬಾಗಿಲಲ್ಲಿ ನನ್ನದೇ ಪಾಳಿ.